ಬದಲಿಸಿದ್ದು ವಿಳಾಸ, ಅಳಿಸಿಹೋದದ್ದು ಮೊಬೈಲ್ ನಂಬರ್: ಜಾವಾ ಆಬ್ಜೆಕ್ಟ್‌ಗಳ ನಡುವೆ ಪ್ರಾಪರ್ಟಿ ಕಾಪಿ ಮಾಡುವಾಗ

ಓದುಗರ ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಮನೆಮನೆಗೆ ದಿನಸಿ ತಲುಪಿಸುವ ಸಣ್ಣ ಕಂಪನಿ. ಬ್ಯಾಕೆಂಡ್ ಜಾವಾ 17, ಸ್ಪ್ರಿಂಗ್ ಬೂಟ್ 3, ಹೈಬರ್ನೇಟ್ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ಗೆ ಜೋಡಿಸುವ ಲೈಬ್ರರಿ), ಗೆಟರ್-ಸೆಟರ್ (ಫೀಲ್ಡ್ ಓದುವ, ಬರೆಯುವ ಮೆಥಡ್‌ಗಳು) ತಾನಾಗಿ ಬರೆಸಲು ಲೊಂಬೊಕ್. ಪ್ರೊಫೈಲ್ ಅಪ್‌ಡೇಟ್ ಮಾಡುವ ಎಪಿಐನಲ್ಲಿ, ಆ್ಯಪ್‌ನಿಂದ ಬಂದ ಡಿಟಿಒವನ್ನು (ಡೇಟಾ ಸಾಗಿಸಲೆಂದೇ ಇರುವ ಆಬ್ಜೆಕ್ಟ್) ಬೀನ್‌ಯುಟಿಲ್ಸ್‌ನ ಕಾಪಿಪ್ರಾಪರ್ಟೀಸ್ (ಒಂದೇ ಹೆಸರಿನ ಫೀಲ್ಡ್‌ಗಳನ್ನು ಕಾಪಿ ಮಾಡುವ ಮೆಥಡ್) ಮೂಲಕ ನೇರ ಎಂಟಿಟಿಗೆ (ಡೇಟಾಬೇಸ್ ಸಾಲನ್ನು ಪ್ರತಿನಿಧಿಸುವ ಆಬ್ಜೆಕ್ಟ್) ತುಂಬುತ್ತಿದ್ದೆವು. ಆ್ಯಪ್‌ನ ಹೊಸ ವರ್ಷನ್ ಬದಲಾದ ಫೀಲ್ಡ್‌ಗಳನ್ನಷ್ಟೇ ಕಳಿಸತೊಡಗಿದ ಮೇಲೆ, ವಿಳಾಸ ಬದಲಿಸಿದವರ ಮೊಬೈಲ್ ನಂಬರ್ ನಲ್ (ಖಾಲಿ) ಆಗಿಹೋಯಿತು. ನಲ್ ಇರುವುದನ್ನು ಬಿಟ್ಟು ಮಿಕ್ಕಿದ್ದನ್ನು ಕಾಪಿ ಮಾಡುವ ಹೆಲ್ಪರ್ ಹಾಕಿದೆವು. ಈಗ ಗ್ರಾಹಕರು ಲ್ಯಾಂಡ್‌ಮಾರ್ಕ್ ಅಳಿಸಿದರೂ ಅಳಿಯುವುದಿಲ್ಲ. ವಾಟ್ಸ್ಆ್ಯಪ್ ಒಪ್ಪಿಗೆ ಮಾತ್ರ ತಾನಾಗಿಯೇ ‘ಇಲ್ಲ’ ಆಗುತ್ತಿದೆ. ಪಿನ್‌ಕೋಡ್ ಎಷ್ಟು ಸಲ ಕಳಿಸಿದರೂ ಸೇವ್ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಹಳೆ ಆರ್ಡರನ್ನು ‘ರೀಆರ್ಡರ್’ ಮಾಡಿ ವಿಳಾಸ ತಿದ್ದಿದರೆ ಹಳೆ ಇನ್‌ವಾಯ್ಸ್‌ನಲ್ಲೂ ಹೊಸ ವಿಳಾಸ ಕಾಣಿಸುತ್ತದೆ. ಈ ಲೈಬ್ರರಿಗಳ ಸಹವಾಸವೇ ಬೇಡ, ಇನ್ನೂರು ಸಾಲಿನಲ್ಲಿ ನಾವೇ ಒಂದು ಬರೆಯೋಣ ಎಂದು ನಮ್ಮ ಟೀಮ್ ಲೀಡ್ ಹೇಳುತ್ತಾರೆ. ಮ್ಯಾಪ್‌ಸ್ಟ್ರಕ್ಟ್ ಎಂಬ ಲೈಬ್ರರಿಗೆ ಹೋದರೆ ಡೀಪ್ ಕಾಪಿಯೂ (ಒಳಗಿನ ಆಬ್ಜೆಕ್ಟ್‌ಗಳದೂ ಬೇರೆ ಪ್ರತಿ) ಆಗುತ್ತದೆ, ರಿಫ್ಲೆಕ್ಷನ್ (ಪ್ರೋಗ್ರಾಂ ಓಡುವಾಗಲೇ ಕ್ಲಾಸಿನ ಒಳರಚನೆ ಓದುವ ವಿಧಾನ) ಇಲ್ಲದ್ದರಿಂದ ವೇಗವೂ ಹೆಚ್ಚು, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳೋಣ?

ಉತ್ತರ:

ನೀವು ಬರೆದಿರುವುದರಲ್ಲಿ ಐದು ತೊಂದರೆಗಳಿವೆ, ಐದಕ್ಕೂ ಕಾರಣ ಒಂದೇ ಅಲ್ಲ. ಎಲ್ಲವೂ ಒಂದೇ ಸಾಲಿನ ಕೋಡ್‌ನಿಂದ ಹುಟ್ಟಿದ್ದರಿಂದ ಲೈಬ್ರರಿಯೇ ಸರಿಯಿಲ್ಲ ಅನ್ನಿಸುವುದು ಸಹಜ. ಆದರೆ ಲೈಬ್ರರಿ ಬದಲಿಸಿದ ಮಾತ್ರಕ್ಕೆ ತಾನಾಗಿ ಬಗೆಹರಿಯುವುದು ಪಿನ್‌ಕೋಡ್‌ನದೊಂದೇ. ಮಿಕ್ಕ ನಾಲ್ಕೂ ಹೊಸ ಲೈಬ್ರರಿಯ ಹಿಂದೆಯೇ ಬರುತ್ತವೆ, ಅದು ನೀವೇ ಬರೆದದ್ದಾದರೂ ಸರಿ. ಈ ನಲ್‌ಗೆ ಏನರ್ಥ, ಈ ಫೀಲ್ಡನ್ನು ಹೊರಗಿನವರು ಮುಟ್ಟಬಹುದೇ, ಈ ವಿಳಾಸದ ಆಬ್ಜೆಕ್ಟ್ ಯಾರ ಸ್ವತ್ತು ಎಂಬುದನ್ನು ಹೆಸರಿಗೆ ಹೆಸರು ಜೋಡಿಸುವ ಉಪಕರಣ ನಿಮ್ಮ ಪರವಾಗಿ ತೀರ್ಮಾನಿಸಲಾರದು.

ಮೊದಲು ಒಂದು ಐದು ನಿಮಿಷದ ಕೆಲಸ. ನಿಮ್ಮ ಕೋಡ್‌ನಲ್ಲಿ ಬೀನ್‌ಯುಟಿಲ್ಸ್ ಎಂದು ಇಂಪೋರ್ಟ್ ಆಗಿರುವ ಕಡೆಯನ್ನೆಲ್ಲ ಹುಡುಕಿ, ಅದು ಸ್ಪ್ರಿಂಗ್‌ನದೋ ಅಪಾಚೆ ಕಾಮನ್ಸ್‌ನದೋ ನೋಡಿ. ಎರಡರಲ್ಲೂ ಕ್ಲಾಸ್ ಹೆಸರು ಅದೇ, ಮೆಥಡ್ ಹೆಸರೂ ಅದೇ, ಆದರೆ ಆರ್ಗ್ಯುಮೆಂಟ್‌ಗಳ ಕ್ರಮ ಉಲ್ಟಾ. ಸ್ಪ್ರಿಂಗ್‌ನಲ್ಲಿ ಮೊದಲು ಮೂಲ, ಆಮೇಲೆ ಗುರಿ. ಅಪಾಚೆಯಲ್ಲಿ ಮೊದಲು ಗುರಿ, ಆಮೇಲೆ ಮೂಲ. ಎರಡೂ ಆರ್ಗ್ಯುಮೆಂಟ್ ಬರೀ ಆಬ್ಜೆಕ್ಟ್ ಟೈಪ್ ಆದ್ದರಿಂದ ಕಂಪೈಲರ್ ಚಕಾರ ಎತ್ತುವುದಿಲ್ಲ. ಐಡಿಇ (ಕೋಡ್ ಬರೆಯುವ ಎಡಿಟರ್) ಸೂಚಿಸಿದ ಮೊದಲ ಇಂಪೋರ್ಟಿಗೆ ಎಂಟರ್ ಒತ್ತಿದವರ ಕೋಡ್‌ನಲ್ಲಿ, ಡೇಟಾಬೇಸ್‌ನಿಂದ ತಂದ ಎಂಟಿಟಿ ರಿಕ್ವೆಸ್ಟ್ ಡಿಟಿಒದ ಮೇಲೆ ಕಾಪಿ ಆಗುತ್ತಿರುತ್ತದೆ. ಏನೂ ಸೇವ್ ಆಗುವುದಿಲ್ಲ. ಗುರುತು ಹಿಡಿಯಲು ಒಂದು ಸುಲಭದ ಸುಳಿವಿದೆ: ಅಪಾಚೆಯದು ಚೆಕ್ಡ್ ಎಕ್ಸೆಪ್ಷನ್ (ಕೋಡ್‌ನಲ್ಲಿ ನಿಭಾಯಿಸಲೇಬೇಕಾದ ಎರರ್) ಎಸೆಯುತ್ತದೆ, ಹಾಗಾಗಿ ಸುತ್ತ ಟ್ರೈ-ಕ್ಯಾಚ್ ಇದ್ದರೆ ಬಹುಮಟ್ಟಿಗೆ ಅದೇ. ಯಾರಾದರೂ ಟ್ರೈ-ಕ್ಯಾಚ್ ಬೇಡವಾಗಿಸುವ ಲೊಂಬೊಕ್‌ನ ಸ್ನೀಕಿಥ್ರೋಸ್ ಹಾಕಿದ್ದರೆ ಈ ಸುಳಿವೂ ಸಿಗುವುದಿಲ್ಲ, ಇಂಪೋರ್ಟನ್ನೇ ನೋಡಬೇಕು.

ಅಪಾಚೆಯದು ಟೈಪ್ ಬದಲಾಯಿಸಿಯೂ ಕಾಪಿ ಮಾಡುತ್ತದೆ, ಸ್ಟ್ರಿಂಗ್‌ನಲ್ಲಿರುವ 560004 ಇಂಟಿಜರ್ ಆಗಿ ಹೋಗಿ ಕೂರುತ್ತದೆ. ಕೇಳಲು ಚೆನ್ನ. ಆದರೆ ಕೆಲವು ಹಳೆ ಆವೃತ್ತಿಗಳಲ್ಲಿ ದಿನಾಂಕದ ಫೀಲ್ಡ್ ನಲ್ ಇದ್ದರೆ ಕನ್ವರ್ಷನ್ ಎಕ್ಸೆಪ್ಷನ್ ಬರುತ್ತದೆ. ಭದ್ರತೆಯ ವಿಷಯ ಇನ್ನೂ ಗಂಭೀರ. ಎಲ್ಲ ಜಾವಾ ಆಬ್ಜೆಕ್ಟ್‌ಗಳಿಗೂ ಇರುವ ‘ಕ್ಲಾಸ್’ ಎಂಬ ಪ್ರಾಪರ್ಟಿಯ ದಾರಿ ಹಿಡಿದು ಕ್ಲಾಸ್‌ಲೋಡರ್‌ವರೆಗೆ (ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಭಾಗ) ತಲುಪುವ ದೋಷ 2014ರಲ್ಲಿ ಸ್ಟ್ರಟ್ಸ್ 1 ಎಂಬ ವೆಬ್ ಫ್ರೇಮ್‌ವರ್ಕ್ ಮೂಲಕ ಬಯಲಾಯಿತು. ಆ ಪ್ರಾಪರ್ಟಿಯನ್ನು ಮುಚ್ಚುವ ವ್ಯವಸ್ಥೆ ಡೀಫಾಲ್ಟ್ ಆಗಿ ಬಂದದ್ದು ಅಪಾಚೆ ಬೀನ್‌ಯುಟಿಲ್ಸ್‌ನ 2019ರ 1.9.4 ಆವೃತ್ತಿಯಲ್ಲಿ. ನಿಮ್ಮ ಡಿಪೆಂಡೆನ್ಸಿ ಟ್ರೀಯಲ್ಲಿ (ಪ್ರಾಜೆಕ್ಟ್ ಬಳಸುವ ಲೈಬ್ರರಿಗಳ ಪಟ್ಟಿ) ಅದಕ್ಕಿಂತ ಹಳೆಯದು ಎಲ್ಲಾದರೂ ಸೇರಿಕೊಂಡಿದ್ದರೆ ಇವತ್ತೇ ಮೇಲಕ್ಕೆತ್ತಿ. ಪಿನ್‌ಕೋಡ್‌ನ ಲಕ್ಷಣ ನೋಡಿದರೆ ನೀವು ಬಳಸುತ್ತಿರುವುದು ಸ್ಪ್ರಿಂಗ್‌ನದು ಅನ್ನಿಸುತ್ತದೆ. ಮುಂದಿನದೆಲ್ಲ ಹಾಗಂದುಕೊಂಡೇ ಬರೆಯುತ್ತೇನೆ.

ಮೊಬೈಲ್, ಲ್ಯಾಂಡ್‌ಮಾರ್ಕ್, ಒಪ್ಪಿಗೆ

ಈ ಮೂರೂ ಒಂದೇ ಬೇರಿನವು. ಆ್ಯಪ್ ಕಳಿಸುವ ಜೇಸನ್‌ನಲ್ಲಿ (ಡೇಟಾ ಕಳಿಸುವ ಪಠ್ಯರೂಪ) ಒಂದು ಫೀಲ್ಡ್ ಮೂರು ಸ್ಥಿತಿಯಲ್ಲಿರಬಹುದು: ಮೌಲ್ಯದೊಂದಿಗೆ ಇದೆ, ನಲ್ ಎಂದು ಬರೆದು ಇದೆ, ಇಲ್ಲವೇ ಇಲ್ಲ. ಡಿಟಿಒ ಆದ ಕ್ಷಣ ಕೊನೆಯ ಎರಡೂ ಒಂದೇ ಆಗಿಬಿಡುತ್ತವೆ. ಜೇಸನ್ ಓದುವ ಜಾಕ್ಸನ್ ಲೈಬ್ರರಿ ಡಿಟಿಒವನ್ನು ಕಟ್ಟುವಾಗಲೇ ಆ ಮಾಹಿತಿ ನಷ್ಟವಾಗಿರುತ್ತದೆ. ಕಾಪಿ ಮಾಡುವ ಲೈಬ್ರರಿಯ ಕೈಗೆ ಬರುವಷ್ಟರಲ್ಲಿ ‘ಕಳಿಸಿಲ್ಲ’ ಮತ್ತು ‘ಅಳಿಸಿ’ ಎರಡಕ್ಕೂ ಒಂದೇ ನಲ್. ಎಲ್ಲ ನಲ್‌ಗಳನ್ನೂ ಕಾಪಿ ಮಾಡಿದರೆ ಮೊಬೈಲ್ ಹೋಗುತ್ತದೆ, ಒಂದನ್ನೂ ಮಾಡದಿದ್ದರೆ ಲ್ಯಾಂಡ್‌ಮಾರ್ಕ್ ಉಳಿಯುತ್ತದೆ. ನಿಮ್ಮ ಹೆಲ್ಪರ್ ಒಂದು ತಪ್ಪನ್ನು ಕೊಟ್ಟು ಇನ್ನೊಂದನ್ನು ತಂದಿದೆ, ಅಷ್ಟೆ.

ಪಾರ್ಷಿಯಲ್ ಅಪ್‌ಡೇಟ್‌ಗೆ ಇರುವ ಜೇಸನ್ ಮರ್ಜ್ ಪ್ಯಾಚ್ ಎಂಬ ಮಾನದಂಡ (ಆರ್‌ಎಫ್‌ಸಿ 7396, 2014) ಈ ವ್ಯತ್ಯಾಸದ ಮೇಲೆಯೇ ನಿಂತಿದೆ: ಫೀಲ್ಡ್ ಇಲ್ಲದಿದ್ದರೆ ಮುಟ್ಟಬೇಡಿ, ನಲ್ ಇದ್ದರೆ ಅಳಿಸಿ. ಆ್ಯಪ್ ಟೀಮ್ ಜೊತೆ ಕೂತು ನಿಮ್ಮ ಎಪಿಐ ಇದನ್ನೇ ಪಾಲಿಸುತ್ತದೆ ಎಂದು ಬರಹದಲ್ಲಿ ಒಪ್ಪಿಕೊಳ್ಳಿ. ಆ್ಯಂಡ್ರಾಯ್ಡ್ ಕಡೆಯ ಜೇಸನ್ ಲೈಬ್ರರಿಯ ಸೆಟ್ಟಿಂಗನ್ನೂ ಆಗಲೇ ನೋಡಿಬಿಡಿ. ಉದಾಹರಣೆಗೆ ಜಿಸನ್ (Gson) ಎಂಬ ಲೈಬ್ರರಿ ಡೀಫಾಲ್ಟ್ ಆಗಿ ನಲ್ ಫೀಲ್ಡ್‌ಗಳನ್ನು ಕಳಿಸುವುದೇ ಇಲ್ಲ. ಹಾಗಿದ್ದರೆ ಗ್ರಾಹಕರು ಲ್ಯಾಂಡ್‌ಮಾರ್ಕ್ ಅಳಿಸಿದ ಸಂಗತಿ ಫೋನ್‌ನಿಂದ ಹೊರಗೇ ಬಂದಿರುವುದಿಲ್ಲ, ನೀವು ಸರ್ವರ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ.

ವಾಟ್ಸ್ಆ್ಯಪ್ ಒಪ್ಪಿಗೆ ಕಳೆದುಹೋಗುತ್ತಿರುವುದು ಇದೇ ಕಥೆಯ ಇನ್ನೊಂದು ರೂಪ. ಡಿಟಿಒದಲ್ಲಿ ಆ ಫೀಲ್ಡ್ ಸಣ್ಣ ಅಕ್ಷರದ ಬೂಲಿಯನ್, ಅಂದರೆ ಪ್ರಿಮಿಟಿವ್ ಆಗಿರಬೇಕು. ಪ್ರಿಮಿಟಿವ್‌ಗೆ ನಲ್ ಎಂಬುದೇ ಇಲ್ಲ, ಕಳಿಸದಿದ್ದರೆ ಫಾಲ್ಸ್. ನಲ್ ಹುಡುಕುವ ಹೆಲ್ಪರ್‌ಗೆ ಅದು ನಿಜವಾದ ಮೌಲ್ಯದಂತೆ ಕಂಡು ನಿಷ್ಠೆಯಿಂದ ಕಾಪಿ ಮಾಡುತ್ತದೆ. ಇಂಟ್ ಇದ್ದರೆ ಸೊನ್ನೆ ಹೋಗುತ್ತದೆ. ಅಪ್‌ಡೇಟ್ ಡಿಟಿಒದಲ್ಲಿ ಪ್ರಿಮಿಟಿವ್ ಬೇಡವೇ ಬೇಡ. ಬೂಲಿಯನ್, ಇಂಟಿಜರ್, ಲಾಂಗ್ ಎಲ್ಲ ನಲ್ ಇರಬಲ್ಲ ರ್‍ಯಾಪರ್ ಟೈಪ್ ಆಗಿರಲಿ. ಉಲ್ಟಾ ಕಡೆಯೂ ಎಚ್ಚರ: ಡಿಟಿಒದಲ್ಲಿ ರ್‍ಯಾಪರ್, ಎಂಟಿಟಿಯಲ್ಲಿ ಪ್ರಿಮಿಟಿವ್ ಇದ್ದು ನಲ್ ಬಂದರೆ ಸ್ಪ್ರಿಂಗ್ ‘ಕುಡ್ ನಾಟ್ ಕಾಪಿ ಪ್ರಾಪರ್ಟಿ’ ಎಂದು ಫೇಟಲ್‌ಬೀನ್‌ಎಕ್ಸೆಪ್ಷನ್ ಎಸೆಯುತ್ತದೆ. ಎರಡರಲ್ಲಿ ಇದೇ ವಾಸಿ, ಕನಿಷ್ಠ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಮೂರೂ ಸ್ಥಿತಿಯನ್ನು ಉಳಿಸಿಕೊಳ್ಳುವುದು ಹೇಗೆ? ನಿಮ್ಮ ಸ್ಟ್ಯಾಕ್‌ಗೆ ಹೆಚ್ಚು ಕಡಿಮೆ ಉಚಿತವಾಗಿ ಸಿಗುವುದು ಜಾಕ್ಸನ್‌ನ ರೀಡರ್‌ಫಾರ್‌ಅಪ್‌ಡೇಟಿಂಗ್. ಕಂಟ್ರೋಲರ್‌ನಲ್ಲಿ ಡಿಟಿಒ ಬದಲು ಕಚ್ಚಾ ಜೇಸನ್ (ಜೇಸನ್‌ನೋಡ್) ತೆಗೆದುಕೊಳ್ಳಿ. ಎಂಟಿಟಿಯನ್ನು ಡೇಟಾಬೇಸ್‌ನಿಂದ ತಂದು ಅದರಿಂದ ಒಂದು ಪೂರ್ತಿ ಡಿಟಿಒ ತುಂಬಿ. ಆ ಡಿಟಿಒದ ಮೇಲೆ ರೀಡರ್‌ಫಾರ್‌ಅಪ್‌ಡೇಟಿಂಗ್ ಓಡಿಸಿ. ಜೇಸನ್‌ನಲ್ಲಿ ಇರುವ ಫೀಲ್ಡ್‌ಗಳಷ್ಟೇ ಬದಲಾಗುತ್ತವೆ, ಇಲ್ಲದವು ಹಾಗೇ ಇರುತ್ತವೆ, ನಲ್ ಎಂದು ಬಂದವು ನಲ್ ಆಗುತ್ತವೆ. ಆಮೇಲೆ ವ್ಯಾಲಿಡೇಟ್ ಮಾಡಿ, ಸರಿಯಿದ್ದರೆ ಮಾತ್ರ ಎಂಟಿಟಿಗೆ ಬರೆಯಿರಿ.

ಇಲ್ಲಿ ಎಡವುವ ಜಾಗಗಳು ಮೂರ್ನಾಲ್ಕಿವೆ. ಡಿಟಿಒ ಪ್ಯಾರಾಮೀಟರ್ ಇಲ್ಲದ್ದರಿಂದ ವ್ಯಾಲಿಡ್ ಆ್ಯನೊಟೇಷನ್ ತಾನಾಗಿ ಕೆಲಸ ಮಾಡುವುದಿಲ್ಲ, ವ್ಯಾಲಿಡೇಟರನ್ನು ನೀವೇ ಕರೆಯಬೇಕು. ವಿಳಾಸದಂಥ ಒಳ ಆಬ್ಜೆಕ್ಟ್‌ನ ಮೇಲೆ ಜೇಸನ್‌ಮರ್ಜ್ ಆ್ಯನೊಟೇಷನ್ (ಜಾಕ್ಸನ್ 2.9ರಿಂದ ಇದೆ) ಹಾಕದಿದ್ದರೆ, ಲ್ಯಾಂಡ್‌ಮಾರ್ಕ್ ಒಂದನ್ನೇ ಕಳಿಸಿದಾಗ ಇಡೀ ವಿಳಾಸ ಹೊಸದಾಗಿ ಕಟ್ಟಲ್ಪಟ್ಟು ಮನೆ ನಂಬರ್, ಅಡ್ಡರಸ್ತೆ ಎಲ್ಲ ನಲ್ ಆಗುತ್ತದೆ. ಪ್ರಿಮಿಟಿವ್ ಎಲ್ಲಾದರೂ ಉಳಿದುಕೊಂಡಿದ್ದರೆ ಅದಕ್ಕೆ ನಲ್ ಬಂದಾಗ ಎರರ್ ಕೊಡಿಸುವ ಫೇಲ್-ಆನ್-ನಲ್-ಫಾರ್-ಪ್ರಿಮಿಟಿವ್ಸ್ ಆಯ್ಕೆ ಜಾಕ್ಸನ್ 2ರಲ್ಲಿ ಡೀಫಾಲ್ಟ್ ಆಗಿ ಆಫ್ ಇರುತ್ತದೆ, ಆನ್ ಮಾಡಿ. ಇನ್ನು ಇವನ್ನೆಲ್ಲ ನೇರ ಎಂಟಿಟಿಯ ಮೇಲೆಯೇ ಮಾಡೋಣ ಎಂಬ ಆಸೆ ಬರುತ್ತದೆ, ಬೇಡ. ಟ್ರಾನ್ಸಾಕ್ಷನ್ ಒಳಗಿರುವ ಎಂಟಿಟಿಯನ್ನು ಹೈಬರ್ನೇಟ್ ಗಮನಿಸುತ್ತಲೇ ಇರುತ್ತದೆ. ವ್ಯಾಲಿಡೇಷನ್ ಸೋತು ನೀವು ಸೇವ್ ಕರೆಯದೆ ವಾಪಸ್ ಬಂದರೂ, ಎಕ್ಸೆಪ್ಷನ್ ಎಸೆಯದೆ ಟ್ರಾನ್ಸಾಕ್ಷನ್ ಕಮಿಟ್ ಆದರೆ ಅರೆಬರೆ ಬದಲಾವಣೆ ಡೇಟಾಬೇಸ್‌ಗೆ ಇಳಿಯುತ್ತದೆ.

ಸದ್ದಿಲ್ಲದೆ ಬಿಟ್ಟುಹೋಗುವ ಪಿನ್‌ಕೋಡ್

ಡಿಟಿಒದಲ್ಲಿ ಪಿನ್‌ಕೋಡ್ ಸ್ಟ್ರಿಂಗ್, ಎಂಟಿಟಿಯಲ್ಲಿ ಇಂಟಿಜರ್ ಇರಬೇಕು, ನೋಡಿ. ಸ್ಪ್ರಿಂಗ್ ಟೈಪ್ ಬದಲಾಯಿಸುವುದಿಲ್ಲ. ಹೆಸರು ಹೊಂದಿ ಟೈಪ್ ಹೊಂದದಿದ್ದರೆ ಆ ಪ್ರಾಪರ್ಟಿಯನ್ನು ದಾಟಿ ಮುಂದಕ್ಕೆ ಹೋಗುತ್ತದೆ, ಎರರ್ ಇಲ್ಲ, ಲಾಗ್ ಇಲ್ಲ. ಸ್ಪ್ರಿಂಗ್ 5.3ರಿಂದ ಜೆನೆರಿಕ್ ಟೈಪನ್ನೂ ನೋಡುವುದರಿಂದ, ಇಂಟಿಜರ್ ಲಿಸ್ಟ್‌ನಿಂದ ಲಾಂಗ್ ಲಿಸ್ಟ್‌ಗೆ ಮೊದಲು ‘ಆಗುತ್ತಿದ್ದ’ ಕಾಪಿ ಅಪ್‌ಗ್ರೇಡ್ ಆದ ಮೇಲೆ ನಿಂತುಹೋಗುತ್ತದೆ. ಮೊದಲು ಆಗುತ್ತಿದ್ದದ್ದೂ ತಪ್ಪೇ. ಬೇರೆಲ್ಲೋ ಕ್ಲಾಸ್‌ಕಾಸ್ಟ್ ಎಕ್ಸೆಪ್ಷನ್ ಆಗಿ ಸಿಡಿಯಲು ಕಾಯುತ್ತಿತ್ತು.

ಲೊಂಬೊಕ್ ಬಳಸುವವರಿಗೆ ಇದರ ಸೋದರ ಸಮಸ್ಯೆಯೊಂದಿದೆ. ‘ಈಸ್‌ಆ್ಯಕ್ಟಿವ್’ ಎಂಬ ಫೀಲ್ಡ್ ಪ್ರಿಮಿಟಿವ್ ಬೂಲಿಯನ್ ಆಗಿದ್ದರೆ ಲೊಂಬೊಕ್ ಈಸ್‌ಆ್ಯಕ್ಟಿವ್ ಮತ್ತು ಸೆಟ್‌ಆ್ಯಕ್ಟಿವ್ ಬರೆದುಕೊಡುತ್ತದೆ, ಪ್ರಾಪರ್ಟಿಯ ಹೆಸರು ‘ಆ್ಯಕ್ಟಿವ್’. ಅದೇ ಫೀಲ್ಡ್ ರ್‍ಯಾಪರ್ ಆಗಿದ್ದರೆ ಗೆಟ್‌ಈಸ್‌ಆ್ಯಕ್ಟಿವ್, ಸೆಟ್‌ಈಸ್‌ಆ್ಯಕ್ಟಿವ್. ಪ್ರಾಪರ್ಟಿಯ ಹೆಸರು ‘ಈಸ್‌ಆ್ಯಕ್ಟಿವ್’. ಮೇಲೆ ಹೇಳಿದಂತೆ ಡಿಟಿಒದ ಪ್ರಿಮಿಟಿವ್‌ಗಳನ್ನು ರ್‍ಯಾಪರ್ ಮಾಡಲು ಹೊರಟರೆ ಇದಕ್ಕೇ ಸಿಕ್ಕಿಬೀಳುತ್ತೀರಿ: ಫೀಲ್ಡ್ ಹೆಸರು ಎರಡೂ ಕಡೆ ಒಂದೇ ಇದ್ದರೂ ಪ್ರಾಪರ್ಟಿ ಹೆಸರು ಬೇರೆಯಾಗಿ ಕಾಪಿ ನಿಂತುಹೋಗುತ್ತದೆ. ಫೀಲ್ಡ್ ಹೆಸರಿನಿಂದ ‘ಈಸ್’ ತೆಗೆದುಬಿಡುವುದೇ ಮದ್ದು. ಇ-ಮೇಲ್ ಫೀಲ್ಡನ್ನು ಸಣ್ಣ ಇ, ದೊಡ್ಡ ಎಂ ಹಾಕಿ ಬರೆಯುವ ಅಭ್ಯಾಸವೂ ಹೀಗೆಯೇ ಕಾಡುತ್ತದೆ. ಲೊಂಬೊಕ್ ಬರೆದ ಗೆಟರ್‌ಗೂ ಐಡಿಇ ಬರೆದ ಗೆಟರ್‌ಗೂ ಆ ಒಂದು ಅಕ್ಷರದ ದೊಡ್ಡ-ಸಣ್ಣ ಬೇರೆಯಾಗಿ ಎರಡು ಪ್ರಾಪರ್ಟಿ ಆಗಿಬಿಡುತ್ತವೆ. ಪೂರ್ತಿ ಸಣ್ಣ ಅಕ್ಷರದಲ್ಲಿ ಬರೆದರೆ ತಲೆನೋವಿಲ್ಲ. ಜಾವಾದ ರೆಕಾರ್ಡ್‌ಗಳಿಗೆ (ಬದಲಾಯಿಸಲಾಗದ ಡೇಟಾ ಕ್ಲಾಸ್‌ಗಳು) ಸೆಟರ್ ಇರುವುದಿಲ್ಲ, ಗೆಟರ್‌ಗಳಿಗೂ ‘ಗೆಟ್’ ಇರುವುದಿಲ್ಲ. ಬೀನ್ ಪದ್ಧತಿಯ ಕಾಪಿ ಅವುಗಳ ಮೇಲೆ ನಡೆಯುವುದಿಲ್ಲ ಎಂದುಕೊಳ್ಳಿ.

ಹಳೆ ಇನ್‌ವಾಯ್ಸ್‌ನಲ್ಲಿ ಹೊಸ ವಿಳಾಸ

ಕಾಪಿಪ್ರಾಪರ್ಟೀಸ್ ಮಾಡುವುದು ಶ್ಯಾಲೋ ಕಾಪಿ. ಆರ್ಡರ್ ಎರಡಾಗುತ್ತದೆ, ಒಳಗಿನ ವಿಳಾಸದ ಆಬ್ಜೆಕ್ಟ್ ಒಂದೇ ಉಳಿಯುತ್ತದೆ: ಒಂದೇ ಮನೆಗೆ ಎರಡು ಬೀಗದಕೈ ಮಾಡಿಸಿದ ಹಾಗೆ. ಹೊಸ ಆರ್ಡರ್ ಮೂಲಕ ಒಳಹೊಕ್ಕು ಬಸವನಗುಡಿಯನ್ನು ಮಲ್ಲೇಶ್ವರ ಮಾಡಿದರೆ ಹಳೆ ಆರ್ಡರ್‌ಗೂ ಮಲ್ಲೇಶ್ವರವೇ ಕಾಣುತ್ತದೆ.

‘ಹಾಗಾದರೆ ಡೀಪ್ ಕಾಪಿ ಮಾಡೋಣ’ ಎಂಬುದು ಅರ್ಧ ಉತ್ತರ. ನಿಮ್ಮಲ್ಲಿ ವಿಳಾಸ ಬೇರೆ ಟೇಬಲ್‌ನ ಎಂಟಿಟಿ ಆಗಿದ್ದರೆ, ಡೀಪ್ ಕಾಪಿಯಲ್ಲಿ ಅದರ ಐಡಿಯೂ ಕಾಪಿ ಆಗುತ್ತದೆ; ಮರ್ಜ್ ಮಾಡಿದಾಗ ಹೈಬರ್ನೇಟ್ ಅದೇ ಹಳೆ ಸಾಲನ್ನು ಅಪ್‌ಡೇಟ್ ಮಾಡುತ್ತದೆ. ಮೆಮೊರಿಯಲ್ಲಿ ಎರಡು ಆಬ್ಜೆಕ್ಟ್, ಡೇಟಾಬೇಸ್‌ನಲ್ಲಿ ಒಂದೇ ಸಾಲು. ಹಾಗಾಗಿ ಐಡಿ ಮತ್ತು ವರ್ಷನ್ ಫೀಲ್ಡ್‌ಗಳನ್ನು ಎಲ್ಲ ಹಂತದಲ್ಲೂ ಬಿಡಬೇಕು. ಆರ್ಡರ್‌ನ ಐಟಂ ಲಿಸ್ಟನ್ನು ಹಾಗೇ ಕಾಪಿ ಮಾಡಿದರಂತೂ ಹೈಬರ್ನೇಟೇ ‘ಫೌಂಡ್ ಶೇರ್ಡ್ ರೆಫರೆನ್ಸಸ್ ಟು ಎ ಕಲೆಕ್ಷನ್’ ಎಂದು ತಡೆಯುತ್ತದೆ. ಆರ್ಫನ್‌ರಿಮೂವಲ್ (ಲಿಸ್ಟಿನಿಂದ ತೆಗೆದದ್ದನ್ನು ಡೇಟಾಬೇಸ್‌ನಿಂದಲೂ ಅಳಿಸುವ ಆಯ್ಕೆ) ಇರುವ ಲಿಸ್ಟಿನ ಜಾಗಕ್ಕೆ ಹೊಸ ಲಿಸ್ಟ್ ಇಟ್ಟರೂ ಎಕ್ಸೆಪ್ಷನ್. ಇರುವ ಲಿಸ್ಟನ್ನೇ ಖಾಲಿ ಮಾಡಿ ಅದರೊಳಗೇ ಹೊಸ ಐಟಂ ಸೇರಿಸಬೇಕು. ಡೀಪ್ ಕಾಪಿಗಾಗಿ ಜೇಸನ್ ಮಾಡಿ ವಾಪಸ್ ಓದುವ ಉಪಾಯವೂ ಓಡಾಡುತ್ತಿರುತ್ತದೆ. ಆರ್ಡರ್‌ನಲ್ಲಿ ಐಟಂ, ಐಟಂನಲ್ಲಿ ಆರ್ಡರ್ ಎಂದು ಎರಡೂ ಕಡೆ ಸಂಬಂಧ ಇದ್ದರೆ ಅದು ಎರರ್ ಬರುವವರೆಗೆ ಸುತ್ತುತ್ತದೆ.

ನನ್ನ ಕೇಳಿದರೆ, ಇಲ್ಲಿ ಸರಿಪಡಿಸಬೇಕಾದದ್ದು ಕಾಪಿಯನ್ನಲ್ಲ, ಡೇಟಾ ಮಾಡೆಲನ್ನು. ಇನ್‌ವಾಯ್ಸ್ ಮೇಲಿನ ವಿಳಾಸ ಆ ದಿನದ ದಾಖಲೆ. ಗ್ರಾಹಕರ ವಿಳಾಸ ಪುಸ್ತಕದ ಸಾಲಿಗೆ ಅದು ಕೊಂಡಿ ಹಾಕಿಕೊಂಡಿರಬಾರದು. ಆರ್ಡರ್ ಟೇಬಲ್‌ನಲ್ಲೇ ವಿಳಾಸದ ಕಾಲಂಗಳಿರಲಿ, ಕೋಡ್‌ನಲ್ಲಿ ಅದು ಬದಲಾಯಿಸಲಾಗದ ಎಂಬೆಡೆಬಲ್ (ಸ್ವಂತ ಟೇಬಲ್ ಇಲ್ಲದೆ ಎಂಟಿಟಿಯೊಳಗೇ ಇರುವ ಆಬ್ಜೆಕ್ಟ್) ಆಗಿರಲಿ. ಹೈಬರ್ನೇಟ್ 6.2ರಿಂದ ರೆಕಾರ್ಡನ್ನೇ ಎಂಬೆಡೆಬಲ್ ಆಗಿ ಬಳಸಬಹುದು. ಸೆಟರ್ ಇಲ್ಲದ ಆಬ್ಜೆಕ್ಟನ್ನು ಇಬ್ಬರು ಹಂಚಿಕೊಂಡರೂ ತೊಂದರೆಯಿಲ್ಲ, ಯಾರೂ ಒಳಗೆ ಕೈಹಾಕಲಾರರು. ರೀಆರ್ಡರ್‌ಗೆ ಜನರಲ್ ಕಾಪಿ ಬಿಟ್ಟು, ‘ಈ ಆರ್ಡರ್‌ನಿಂದ ಹೊಸ ಆರ್ಡರ್’ ಎಂಬ ಒಂದು ಮೆಥಡ್ ಕೈಯಲ್ಲೇ ಬರೆಯಿರಿ. ಹಳೆ ಬೆಲೆ, ಹಳೆ ರಿಯಾಯಿತಿ, ಪೇಮೆಂಟ್ ಸ್ಥಿತಿ ಇವು ಹೊಸದಕ್ಕೆ ಬರಬಾರದು ಎಂಬುದು ಲೈಬ್ರರಿಗೆ ಗೊತ್ತಾಗುವ ಸಂಗತಿಯಲ್ಲ.

ವೇಗದ ಮಾತು

ರಿಫ್ಲೆಕ್ಷನ್ ನಿಧಾನ ಎಂಬುದು ಸುಳ್ಳಲ್ಲ, ನಿಮಗೆ ಅದು ಲೆಕ್ಕಕ್ಕಿಲ್ಲ. ಸ್ಪ್ರಿಂಗ್ ಕ್ಲಾಸಿನ ಪ್ರಾಪರ್ಟಿ ವಿವರಗಳನ್ನು ಒಮ್ಮೆ ಓದಿ ಕ್ಯಾಶ್‌ನಲ್ಲಿಡುತ್ತದೆ. ಒಂದು ಪ್ರೊಫೈಲ್ ಕಾಪಿಗೆ ಆಗುವ ಖರ್ಚು ಮೈಕ್ರೊಸೆಕೆಂಡ್‌ಗಳ ಮಾತು, ಅದರ ಪಕ್ಕದ ಡೇಟಾಬೇಸ್ ಕರೆ ಮಿಲಿಸೆಕೆಂಡ್‌ಗಳ ಮಾತು. ಅಪಾಚೆಯದು ಟೈಪ್ ಬದಲಾವಣೆಯ ಭಾರದಿಂದ ಇನ್ನಷ್ಟು ನಿಧಾನ. ಅಲಿಬಾಬಾದ ಜಾವಾ ಕೋಡಿಂಗ್ ಮಾರ್ಗಸೂಚಿ ಅದನ್ನು ಬಳಸಬೇಡಿ ಎಂದೇ ಹೇಳುತ್ತದೆ. ಲಕ್ಷಗಟ್ಟಲೆ ಸಾಲಿನ ರಾತ್ರಿ ಬ್ಯಾಚ್ ಇದ್ದರೆ ಜೆಎಂಎಚ್‌ನಲ್ಲಿ (ಜಾವಾ ಕೋಡ್‌ನ ವೇಗ ಅಳೆಯುವ ಸಾಧನ) ಅಳೆದು ನೋಡಿ, ಇಲ್ಲದಿದ್ದರೆ ವೇಗದ ವಾದವನ್ನು ಮೀಟಿಂಗ್‌ನಿಂದ ಹೊರಗಿಡಿ.

ನಾವೇ ಬರೆದರೆ?

ಇನ್ನೂರು ಸಾಲಿನಲ್ಲಿ ಬರೆಯಬಹುದು, ಬರೆಯಲೂಬಾರದು ಅನ್ನುವುದಿಲ್ಲ. ಆದರೆ ಮೊದಲ ಎಂಬತ್ತು ಸಾಲು ಒಂದು ಮಧ್ಯಾಹ್ನದ ಕೆಲಸ, ಮಿಕ್ಕ ಸಾಲುಗಳೇ ತಿಂಗಳುಗಟ್ಟಲೆ ಬರೆಸಿಕೊಳ್ಳುತ್ತವೆ. ಎಲ್ಲರೂ ಮೊದಲು ಹಿಡಿಯುವ ದಾರಿ, ಕ್ಲಾಸಿನ ಫೀಲ್ಡ್‌ಗಳನ್ನು ನೇರ ಓದಿ ನೇರ ಬರೆಯುವುದು. ಹೈಬರ್ನೇಟ್ ಎಂಟಿಟಿಗಳ ಮೇಲೆ ಇದು ಮುರಿದು ಬೀಳುತ್ತದೆ: ಲೇಜಿ ಆಗಿ (ಬೇಕಾದಾಗಷ್ಟೇ ಡೇಟಾ ತರುವಂತೆ) ಬಂದ ಆಬ್ಜೆಕ್ಟ್ ಒಂದು ಪ್ರಾಕ್ಸಿ, ಅಂದರೆ ಬದಲಿ ಆಬ್ಜೆಕ್ಟ್, ಅದರ ಫೀಲ್ಡ್‌ಗಳು ಖಾಲಿ, ನಿಜವಾದ ಮೌಲ್ಯ ಹಿಂದಿನ ಇನ್ನೊಂದು ಆಬ್ಜೆಕ್ಟ್‌ನಲ್ಲಿರುತ್ತದೆ. ಫೀಲ್ಡ್ ಓದಿದರೆ ಎಲ್ಲ ನಲ್. ಗೆಟರ್ ಮೂಲಕ ಹೋದರೆ ಸರಿ, ಆದರೆ ಆಗ ಪ್ರಾಕ್ಸಿಯ ಸ್ವಂತದ ‘ಹೈಬರ್ನೇಟ್‌ಲೇಜಿಇನಿಷಿಯಲೈಸರ್’ ಪ್ರಾಪರ್ಟಿಯೂ ಪಟ್ಟಿಯಲ್ಲಿ ನುಸುಳುತ್ತದೆ. ಹೈಬರ್ನೇಟ್‌ನ ಅನ್‌ಪ್ರಾಕ್ಸಿ ಮೆಥಡ್ ಕರೆದೇ ಮುಂದುವರಿಯಬೇಕು. ಜಾವಾ 17ರಲ್ಲಿ ಜೆಡಿಕೆಯ ಒಳಗಿನ ಕ್ಲಾಸ್‌ಗಳ ಖಾಸಗಿ ಫೀಲ್ಡ್‌ಗೆ ಕೈಹಾಕಿದರೆ ಇನ್‌ಆ್ಯಕ್ಸೆಸಿಬಲ್‌ಆಬ್ಜೆಕ್ಟ್ ಎಕ್ಸೆಪ್ಷನ್ ಬರುತ್ತದೆ. ಡೀಪ್ ಕಾಪಿ ಮಾಡುತ್ತ ಮಾಡುತ್ತ ಲೋಕಲ್‌ಡೇಟ್ ಒಳಗೆ ಇಳಿದ ಲೈಬ್ರರಿ ಅಲ್ಲೇ ನಿಲ್ಲುತ್ತದೆ.

ಬರೆದೇ ಬರೆಯುತ್ತೀರಾದರೆ ಅದು ಸ್ಪ್ರಿಂಗ್‌ನದಕ್ಕಿಂತ ಒಂದು ವಿಷಯದಲ್ಲಾದರೂ ಮೇಲಾಗಿರಬೇಕು: ಬಾಯಿಬಿಡಬೇಕು. ಟೈಪ್ ಹೊಂದದಿದ್ದರೆ ಎಕ್ಸೆಪ್ಷನ್ ಎಸೆಯಲಿ, ಜೋಡಿ ಸಿಗದ ಪ್ರಾಪರ್ಟಿಗಳ ಪಟ್ಟಿ ಕೊಡಲಿ, ಬಿಡಬೇಕಾದ ಹೆಸರುಗಳ ಬದಲು ಕಾಪಿ ಮಾಡಬೇಕಾದ ಹೆಸರುಗಳನ್ನು ಕೇಳಲಿ. ಬಿಡುವ ಪಟ್ಟಿ ಅಪಾಯಕಾರಿ. ಆರು ತಿಂಗಳ ನಂತರ ಯಾರೋ ಎಂಟಿಟಿಗೆ ‘ವ್ಯಾಲೆಟ್ ಬ್ಯಾಲೆನ್ಸ್’ ಸೇರಿಸುತ್ತಾರೆ, ಆ್ಯಪ್‌ನಲ್ಲಿ ತೋರಿಸಲೆಂದು ಅದೇ ಡಿಟಿಒಗೂ ಸೇರಿಸುತ್ತಾರೆ; ಬಿಡುವ ಪಟ್ಟಿಗೆ ಹಾಕುವುದು ಯಾರಿಗೂ ನೆನಪಾಗುವುದಿಲ್ಲ. ಆಮೇಲೆ ಪೋಸ್ಟ್‌ಮನ್ (ಎಪಿಐಗೆ ನೇರ ರಿಕ್ವೆಸ್ಟ್ ಕಳಿಸುವ ಸಾಧನ) ಬಳಸಲು ಬರುವ ಯಾರು ಬೇಕಾದರೂ ತಮ್ಮ ಬ್ಯಾಲೆನ್ಸ್ ತಾವೇ ಬರೆದುಕೊಳ್ಳಬಹುದು. ಇದಕ್ಕೆ ಮಾಸ್ ಅಸೈನ್‌ಮೆಂಟ್ ಎನ್ನುತ್ತಾರೆ. 2012ರಲ್ಲಿ ಗಿಟ್‌ಹಬ್‌ನಲ್ಲಿ ಇಂಥದ್ದೇ ದೋಷದ ಮೂಲಕ ಒಬ್ಬರು ತಮ್ಮ ಪಬ್ಲಿಕ್ ಕೀಯನ್ನು ರೇಲ್ಸ್ ಪ್ರಾಜೆಕ್ಟಿನ ಖಾತೆಗೆ ಸೇರಿಸಿ ತೋರಿಸಿದ್ದರು. ಸಾಫ್ಟ್‌ವೇರ್ ಭದ್ರತೆಯ ಸಂಸ್ಥೆ ಓವಾಸ್ಪ್‌ನ 2019ರ ಎಪಿಐ ಅಪಾಯಗಳ ಪಟ್ಟಿಯಲ್ಲಿ ಇದು ಆರನೆಯದು. 2023ರ ಪಟ್ಟಿಯಲ್ಲಿ ಮೂರನೆಯದರೊಳಗೆ ಸೇರಿದೆ. ತೋರಿಸುವ ಡಿಟಿಒ ಬೇರೆ, ಬರೆಯುವ ಡಿಟಿಒ ಬೇರೆ ಇಟ್ಟರೆ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ.

ಮ್ಯಾಪ್‌ಸ್ಟ್ರಕ್ಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕಂಪೈಲ್ ಆಗುವಾಗಲೇ ಮಾಮೂಲಿ ಗೆಟರ್-ಸೆಟರ್ ಕೋಡ್ ಬರೆದುಕೊಡುತ್ತದೆ. ಬರೆದದ್ದನ್ನು ನೀವು ತೆರೆದು ಓದಬಹುದು, ಡಿಬಗ್ ಮಾಡಬಹುದು; ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಬೆಲೆ ಅದೇ. ಸ್ಟ್ರಿಂಗ್‌ನಿಂದ ಇಂಟಿಜರ್‌ಗೆ ತಾನೇ ಬದಲಾಯಿಸುತ್ತದೆ, ನಿಮ್ಮ ಪಿನ್‌ಕೋಡ್ ಸರಿಹೋಗುತ್ತದೆ. ಆದರೆ ಡೀಪ್ ಕಾಪಿ ಆಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಳಗಿನ ವಿಳಾಸ ಎರಡೂ ಕಡೆ ಒಂದೇ ಕ್ಲಾಸಿನದಾದರೆ ಮ್ಯಾಪ್‌ಸ್ಟ್ರಕ್ಟ್ ಕೂಡ ಅದೇ ರೆಫರೆನ್ಸನ್ನೇ ಇಡುತ್ತದೆ. ಬೇರೆ ಪ್ರತಿ ಬೇಕೆಂದರೆ 1.4ರಿಂದ ಇರುವ ಡೀಪ್‌ಕ್ಲೋನ್ ಎಂಬ ಮ್ಯಾಪಿಂಗ್‌ಕಂಟ್ರೋಲ್ ಹಾಕಬೇಕು, ಇಲ್ಲವೇ ವಿಳಾಸದಿಂದ ವಿಳಾಸಕ್ಕೆ ಒಂದು ಮೆಥಡ್ ಘೋಷಿಸಬೇಕು. ನಲ್ ಬಿಡುವ ಇಗ್ನೋರ್ ತಂತ್ರ ಮ್ಯಾಪಿಂಗ್‌ಟಾರ್ಗೆಟ್ (ಈಗಾಗಲೇ ಇರುವ ಆಬ್ಜೆಕ್ಟ್‌ಗೇ ತುಂಬು ಎಂಬ ಗುರುತು) ಇರುವ ಅಪ್‌ಡೇಟ್ ಮೆಥಡ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಅದರಲ್ಲೂ ನಿಮ್ಮ ಲ್ಯಾಂಡ್‌ಮಾರ್ಕ್ ಸಮಸ್ಯೆ ಹಾಗೇ ಇರುತ್ತದೆ.

ಹಾಕುವುದಾದರೆ ಮೊದಲ ದಿನವೇ ಅನ್‌ಮ್ಯಾಪ್ಡ್‌ಟಾರ್ಗೆಟ್‌ಪಾಲಿಸಿಯನ್ನು (ಗುರಿಯ ಫೀಲ್ಡ್‌ಗೆ ಜೋಡಿ ಸಿಗದಿದ್ದರೆ ಏನು ಮಾಡಬೇಕೆಂಬ ಸೆಟ್ಟಿಂಗ್) ಎರರ್ ಮಾಡಿ. ಡೀಫಾಲ್ಟ್ ಬರೀ ವಾರ್ನಿಂಗ್. ಜೆಂಕಿನ್ಸ್ (ಬಿಲ್ಡ್ ಸರ್ವರ್) ಲಾಗಿನ ವಾರ್ನಿಂಗ್ ಓದುವವರು ಯಾರಿದ್ದಾರೆ? ಎರರ್ ಮಾಡಿದ ತಕ್ಷಣ ಐಡಿ, ವರ್ಷನ್, ಕ್ರಿಯೇಟೆಡ್‌ಅಟ್ ಎಲ್ಲಕ್ಕೂ ಇಗ್ನೋರ್ ಬರೆಯಬೇಕಾಗುತ್ತದೆ. ಟೀಮ್ ಗೊಣಗುತ್ತದೆ, ಗೊಣಗಲಿ. ‘ಇದನ್ನು ಕಾಪಿ ಮಾಡುವುದಿಲ್ಲ’ ಎಂಬ ತೀರ್ಮಾನ ಕೋಡ್‌ನಲ್ಲಿ ಕಾಣುವಂತೆ ಆಯಿತಲ್ಲ.

ಲೊಂಬೊಕ್ ಜೊತೆಗೆ ಸೇರಿಸುವಾಗ ಬಿಲ್ಡ್ ಸಾಧನ ಮೇವನ್‌ನ ಆ್ಯನೊಟೇಷನ್‌ಪ್ರೊಸೆಸರ್‌ಪಾತ್ಸ್ ಅಡಿಯಲ್ಲಿ ಮೂರು ಹೆಸರಿರಬೇಕು: ಮ್ಯಾಪ್‌ಸ್ಟ್ರಕ್ಟ್-ಪ್ರೊಸೆಸರ್, ಲೊಂಬೊಕ್, ಮತ್ತು ಲೊಂಬೊಕ್-ಮ್ಯಾಪ್‌ಸ್ಟ್ರಕ್ಟ್-ಬೈಂಡಿಂಗ್ 0.2.0. ಕೊನೆಯದು ಲೊಂಬೊಕ್ 1.18.16ರಿಂದ ಕಡ್ಡಾಯ. ಅದಿಲ್ಲದಿದ್ದರೆ ಲೊಂಬೊಕ್ ಗೆಟರ್ ಬರೆಯುವ ಮೊದಲೇ ಮ್ಯಾಪ್‌ಸ್ಟ್ರಕ್ಟ್ ಕ್ಲಾಸನ್ನು ನೋಡಿ, ಪ್ರಾಪರ್ಟಿಯೇ ಇಲ್ಲ ಎಂದುಕೊಂಡು, ಹೊಸ ಆಬ್ಜೆಕ್ಟ್ ಮಾಡಿ ಖಾಲಿಯಾಗಿ ಹಿಂತಿರುಗಿಸುವ ಮೆಥಡ್ ಬರೆದುಕೊಡಬಹುದು. ಅನುಮಾನ ಬಂದರೆ ಟಾರ್ಗೆಟ್ ಫೋಲ್ಡರಿನ ಜನರೇಟೆಡ್-ಸೋರ್ಸಸ್ ಒಳಗಿನ ಇಂಪ್ಲ್ ಫೈಲ್ ತೆರೆದು ನೋಡಿ.

ಮಾಡೆಲ್‌ಮ್ಯಾಪರ್ ಎಂಬ ಇನ್ನೊಂದು ಕಾಪಿ ಲೈಬ್ರರಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಅದು ಹೆಸರುಗಳನ್ನು ತುಂಡು ಮಾಡಿ ಊಹಿಸಿ ಜೋಡಿಸುತ್ತದೆ. ಡೀಫಾಲ್ಟ್‌ನಲ್ಲಿ ಅಡ್ರೆಸ್‌ಐಡಿ ಹೋಗಿ ಐಡಿಯಲ್ಲಿ ಕೂತದ್ದು ಹೊಸ ಸಂಗತಿಯಲ್ಲ. ಬಳಸಿದರೆ ಸ್ಟ್ರಿಕ್ಟ್ ಮೋಡ್‌ನಲ್ಲಷ್ಟೇ. ಇಂಥದ್ದೇ ಇನ್ನೊಂದು ಲೈಬ್ರರಿ ಡೋಜರ್‌ನ ಪ್ರಾಜೆಕ್ಟ್ ಸಕ್ರಿಯವಾಗಿಲ್ಲ, ಹೊಸದಾಗಿ ತರಬೇಡಿ.

ನನ್ನ ಸಲಹೆ ಹೀಗೆ. ಎಂಟಿಟಿಯಿಂದ ಡಿಟಿಒಗೆ, ಅಂದರೆ ಓದಿ ತೋರಿಸುವ ದಿಕ್ಕಿನಲ್ಲಿ ಮ್ಯಾಪ್‌ಸ್ಟ್ರಕ್ಟ್ ಬಳಸಿ, ಅಲ್ಲಿ ಬೇಸರದ ಕೆಲಸ ಹೆಚ್ಚು, ಅಪಾಯ ಕಡಿಮೆ. ಡಿಟಿಒದಿಂದ ಎಂಟಿಟಿಗೆ ಬರೆಯುವ ದಿಕ್ಕಿನಲ್ಲಿ ಕೈಯಲ್ಲೇ ಬರೆಯಿರಿ. ಹನ್ನೆರಡು ಫೀಲ್ಡ್‌ಗೆ ಹನ್ನೆರಡು ಸಾಲು. ಪಿಆರ್ ರಿವ್ಯೂನಲ್ಲಿ (ಸಹೋದ್ಯೋಗಿಗಳು ಕೋಡ್ ಪರಿಶೀಲಿಸುವಾಗ) ಪ್ರತಿಯೊಂದೂ ಕಣ್ಣಿಗೆ ಬೀಳುತ್ತದೆ. ಕೈಬರಹದ ದೋಷವೂ ಗೊತ್ತಿರುವುದೇ: ಹೊಸ ಫೀಲ್ಡ್ ಮರೆತುಹೋಗುವುದು, ಇಲ್ಲವೇ ಕಾಪಿ-ಪೇಸ್ಟ್‌ನಲ್ಲಿ ಬಿಲ್ಲಿಂಗ್ ವಿಳಾಸ ಡೆಲಿವರಿ ವಿಳಾಸಕ್ಕೆ ಹೋಗುವುದು. ಒಂದೇ ಟೆಸ್ಟ್ ಇವೆರಡನ್ನೂ ಹಿಡಿಯುತ್ತದೆ. ಇನ್‌ಸ್ಟಾನ್ಸಿಯೊದಂಥ ಲೈಬ್ರರಿಯಿಂದ ಎಲ್ಲ ಫೀಲ್ಡ್‌ಗೂ ಬೇರೆ ಬೇರೆ ಮೌಲ್ಯ ತುಂಬಿ, ಮ್ಯಾಪ್ ಮಾಡಿ, ಟೆಸ್ಟ್ ಲೈಬ್ರರಿ ಅಸರ್ಟ್‌ಜೆಯ ರಿಕರ್ಸಿವ್ ಹೋಲಿಕೆಯಿಂದ ಎರಡನ್ನೂ ತಾಳೆ ನೋಡಿ. ಬೇಕೆಂದೇ ಬಿಟ್ಟ ಫೀಲ್ಡ್‌ಗಳನ್ನು ಟೆಸ್ಟ್‌ನಲ್ಲಿ ಹೆಸರಿಸಿ. ಇನ್ನೊಂದು ಸಣ್ಣ ಟೆಸ್ಟ್ ಖಾಲಿ ಜೇಸನ್ ಕಳಿಸಲಿ, ಏನೂ ಬದಲಾಗಬಾರದು.

ವರ್ಷನ್ ಫೀಲ್ಡ್ ಬಗ್ಗೆ ಒಂದು ಮಾತು: ಆ್ಯಪ್‌ನಿಂದ ಬಂದ ವರ್ಷನ್ ನಂಬರನ್ನು ಎಂಟಿಟಿಗೆ ಕಾಪಿ ಮಾಡಿದರೆ ಆಪ್ಟಿಮಿಸ್ಟಿಕ್ ಲಾಕ್ (ನಡುವೆ ಬೇರೆಯವರು ಬದಲಿಸಿದ್ದರೆ ತಡೆಯುವ ವ್ಯವಸ್ಥೆ) ಆಗುತ್ತದೆ ಎಂದು ನಂಬಬೇಡಿ. ಹೈಬರ್ನೇಟ್ ತಾನು ಲೋಡ್ ಮಾಡಿದಾಗಿನ ನಂಬರನ್ನೇ ಬಳಸುತ್ತದೆ. ಹೋಲಿಸಿ ನೋಡಿ 409 (ಕಾನ್‌ಫ್ಲಿಕ್ಟ್ ಎಂಬ ಎರರ್ ಕೋಡ್) ಕೊಡುವುದು ನಿಮ್ಮ ಕೆಲಸ.

ಈಗಾಗಲೇ ಹಾಳಾದ ಡೇಟಾ ಉಳಿಯಿತು. ಹೊಸ ಕೋಡ್ ಡಿಪ್ಲಾಯ್ ಆಗುವ ಮೊದಲು ಇದಕ್ಕೆ ಕೈಹಾಕಬೇಡಿ, ತುಂಬಿದ್ದು ಮತ್ತೆ ಖಾಲಿಯಾಗುತ್ತದೆ. ಆ್ಯಪ್‌ನ ಆ ವರ್ಷನ್ ಬಿಡುಗಡೆಯಾದ ದಿನಕ್ಕಿಂತ ಹಿಂದಿನ ಬ್ಯಾಕಪ್ಪನ್ನು ಬೇರೆ ಡೇಟಾಬೇಸ್‌ಗೆ ರೀಸ್ಟೋರ್ ಮಾಡಿ, ಈಗ ಮೊಬೈಲ್ ನಲ್ ಇದ್ದು ಆಗ ಇದ್ದ ಗ್ರಾಹಕರನ್ನು ಮಾತ್ರ ಆರಿಸಿ. ಅಪ್‌ಡೇಟ್ ಕ್ವೆರಿಯಲ್ಲೂ ‘ಮೊಬೈಲ್ ಈಗಲೂ ನಲ್ ಇದ್ದರೆ’ ಎಂಬ ಷರತ್ತಿರಲಿ, ಈ ನಡುವೆ ಹೊಸ ನಂಬರ್ ಹಾಕಿಕೊಂಡವರದು ಹಾಳಾಗಬಾರದು. ಆ ನಂಬರ್ ಇಷ್ಟರಲ್ಲಿ ಬೇರೆ ಖಾತೆಗೆ ಸೇರಿದ್ದರೆ ಯುನೀಕ್ ಕಾನ್‌ಸ್ಟ್ರೈಂಟ್ ತಡೆಯುತ್ತದೆ. ಅಂಥವನ್ನು ಪಟ್ಟಿ ಮಾಡಿ ಕೈಯಾರೆ ನೋಡಿ. ಪಿನ್‌ಕೋಡ್‌ಗಳನ್ನು ಬ್ಯಾಕಪ್‌ನಿಂದ ತರಲಾಗದು, ಹೊಸದು ಸೇವ್ ಆಗಿಯೇ ಇಲ್ಲ. ರಿಕ್ವೆಸ್ಟ್ ಲಾಗ್ ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಮುಂದಿನ ಆರ್ಡರ್‌ನಲ್ಲಿ ಆ್ಯಪ್ ಕೇಳಲಿ. ವಾಟ್ಸ್ಆ್ಯಪ್ ಒಪ್ಪಿಗೆಯನ್ನು ಮಾತ್ರ ಹಳೆ ಬ್ಯಾಕಪ್ ನೋಡಿ ‘ಹೌದು’ ಮಾಡಬೇಡಿ. ಅವರಲ್ಲಿ ಯಾರು ನಿಜವಾಗಿ ಬೇಡ ಎಂದರು, ಯಾರದು ಕೋಡ್‌ನಿಂದ ಫಾಲ್ಸ್ ಆಯಿತು ಎಂದು ಡೇಟಾಬೇಸ್ ಹೇಳಲಾರದು. ಅವರನ್ನೇ ಇನ್ನೊಮ್ಮೆ ಕೇಳಿ.